ಹನ್ನೆರಡರ ಆಚೆ: ಸಮಭಾಗ ಶ್ರುತಿಗಳಲ್ಲಿ ಇಂಪು ಎಲ್ಲಿಂದ ಬರುತ್ತದೆ?

(ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿಸಿದ ನಾದಗಳ ಜಾಗದಲ್ಲಿ ಇಲ್ಲಿ ಅಂಕಿಗಳಿವೆ. ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಎಲ್ಲವನ್ನೂ ಸರಿನೋಡಿಕೊಳ್ಳಬಹುದು.)

ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿ. ಪಕ್ಕದಲ್ಲಿ ಕೀಬೋರ್ಡ್ ಇಟ್ಟು ಅದೇ ಷಡ್ಜಕ್ಕೆ ಹೊಂದಿಸಿ. ಪಂಚಮದ ಮನೆ ಒತ್ತಿ ಹಿಡಿದರೆ ಅದು ತಂಬೂರಿಯ ನಾದದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಈಗ ಅಂತರ ಗಾಂಧಾರ (ಷಡ್ಜದಿಂದ ಮೇಲೆ ನಾಲ್ಕನೇ ಮನೆ) ಒತ್ತಿ. ಇದು ಕರಗುವುದಿಲ್ಲ, ತಂಬೂರಿಯ ಮೇಲೆ ಬೇರೆಯಾಗಿ ನಿಂತು ನಡುಗುತ್ತದೆ. ವಾದ್ಯವೊಂದೇ, ಕಿವಿಯೊಂದೇ, ಎರಡೂ ಹನ್ನೆರಡು ಮನೆಗಳ ಒಂದೇ ಅಳತೆಯಿಂದ ಬಂದ ಸ್ವರಗಳು. ಒಂದು ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ಈ ಮಾತಿನ ವಸ್ತುವೆಲ್ಲ ಆ ನಡುಕವೇ.

ಲೆಕ್ಕಕ್ಕೆ ಸುಲಭವಾಗಲೆಂದು ಮಧ್ಯ ಷಡ್ಜವನ್ನು 240 ಹರ್ಟ್ಸ್ ಎಂದಿಟ್ಟುಕೊಳ್ಳೋಣ. (ಹಾರ್ಮೋನಿಯಂನ ಯಾವ ಮನೆಗೂ ಇದು ಸರಿಯಾಗಿ ಕೂರುವುದಿಲ್ಲ. ಕ್ಷಮೆ ಇರಲಿ, ಭಾಗಾಕಾರಕ್ಕೆ ಇದರಷ್ಟು ಒಳ್ಳೆಯ ಷಡ್ಜ ಸಿಗದು.) ತಂತಿಯ ನಾದ ಒಂಟಿಯಲ್ಲ. 240ರ ಜೊತೆಗೆ 480, 720, 960, 1200, 1440 ಹೀಗೆ ಅದರ ಗುಣಕಗಳೂ ನುಡಿಯುತ್ತವೆ. ಇವೇ ಹಾರ್ಮೋನಿಕ್‌ಗಳು. ತಂಬೂರಿಯಲ್ಲಿ ಇವು ಮೆರೆಯುತ್ತವೆ. ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಬಾಗಿದ ಮೈಮೇಲೆ ತಂತಿ ಸವರುತ್ತಾ ಕಂಪಿಸುವುದರಿಂದ, ಮೀಟಿದ ಜಾಗದ ಕಾರಣಕ್ಕೆ ಅಡಗಬೇಕಾದ ಹಾರ್ಮೋನಿಕ್‌ಗಳೂ ಅಲ್ಲಿ ಕೇಳಿಸುತ್ತವೆ ಎಂಬುದನ್ನು ಸಿ. ವಿ. ರಾಮನ್ 1921ರಲ್ಲೇ ತೋರಿಸಿದ್ದರು. 1200 ಹರ್ಟ್ಸ್ ಐದನೇ ಹಾರ್ಮೋನಿಕ್. ಎರಡು ಸ್ಥಾಯಿ ಕೆಳಗಿಳಿಸಿದರೆ (ಒಂದೊಂದು ಸ್ಥಾಯಿ ಇಳಿದಾಗಲೂ ಆವೃತ್ತಿ ಅರ್ಧವಾಗುತ್ತದೆ) 300, ಅಂದರೆ ಷಡ್ಜದ 5/4. ಯಾರೂ ಹಾಡದೆಯೇ ತಂಬೂರಿಯಿಂದ ಹೊರಡುವ ಸ್ವಯಂಭೂ ಗಾಂಧಾರ ಇದೇ.

ಕೀಬೋರ್ಡಿನ ಗಾಂಧಾರ 300 ಅಲ್ಲ, 302.38. ಅದರ ನಾಲ್ಕನೇ ಹಾರ್ಮೋನಿಕ್ 1209.5ಕ್ಕೆ ಬೀಳುತ್ತದೆ, ಷಡ್ಜದ ಐದನೆಯದು 1200ರಲ್ಲಿ ನಿಂತಿದೆ. ಹತ್ತಿರದ ಎರಡು ಆವೃತ್ತಿಗಳು ಒಟ್ಟಿಗೆ ನುಡಿದರೆ ಅವುಗಳ ವ್ಯತ್ಯಾಸದಷ್ಟು ಸಲ ದನಿ ಏರಿಳಿಯುತ್ತದೆ. ಇಲ್ಲಿ ಸೆಕೆಂಡಿಗೆ ಒಂಬತ್ತೂವರೆ ಸಲ. ಇದನ್ನೇ ಬೀಟ್ ಎನ್ನುವುದು. ಪಂಚಮದಲ್ಲಿಯೂ ತಪ್ಪಿದೆ: 360 ಇರಬೇಕಾದದ್ದು 359.59. ಷಡ್ಜದ ಮೂರನೆಯ ಹಾರ್ಮೋನಿಕ್ 720, ಪಂಚಮದ ಎರಡನೆಯದು 719.19. ಬೀಟ್ ಸೆಕೆಂಡಿಗೆ 0.8. ಸುಮಾರು ಒಂದೂಕಾಲು ಸೆಕೆಂಡಿಗೊಮ್ಮೆ ಏರಿಳಿಯುವ ಅಲೆಯನ್ನು ಕಿವಿ ನಡುಕವೆಂದು ಎಣಿಸುವುದಿಲ್ಲ, ನಾದಕ್ಕೆ ಜೀವ ಬಂತೆಂದು ಎಣಿಸುತ್ತದೆ.

ಇನ್ನೊಂದು ಅಳತೆಯ ಪರಿಚಯ ಬೇಕು: ಸೆಂಟ್. ಒಂದು ಸ್ಥಾಯಿಗೆ 1200 ಸೆಂಟ್, ಕೀಬೋರ್ಡಿನ ಒಂದು ಮನೆಗೆ 100. ಶುದ್ಧ ಪಂಚಮ 3/2 ಅಂದರೆ 701.96 ಸೆಂಟ್, ಶುದ್ಧ ಅಂತರ ಗಾಂಧಾರ 5/4 ಅಂದರೆ 386.31, ಸಾಧಾರಣ ಗಾಂಧಾರದ 6/5 ಅಂದರೆ 315.64. ಹನ್ನೆರಡರ ವ್ಯವಸ್ಥೆ ಇವಕ್ಕೆ 700, 400, 300 ಕೊಡುತ್ತದೆ. ಪಂಚಮದಲ್ಲಿ 2 ಸೆಂಟ್ ನಷ್ಟ, ಗಾಂಧಾರಗಳೆರಡರಲ್ಲೂ 14-16 ಸೆಂಟಿನ ದೋಷ. 1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂಗೆ ಪ್ರವೇಶವಿರಲಿಲ್ಲ. ಆ ನಿಷೇಧದ ಹಿಂದೆ ಬೇರೆ ಕಾರಣಗಳೂ ಇದ್ದವು, ಆದರೆ ಶ್ರುತಿಯ ದೂರಿನ ಮೂಲ ಈ ಹದಿನಾಲ್ಕು ಸೆಂಟುಗಳಲ್ಲಿದೆ.

ಹಾಗಾದರೆ ಹನ್ನೆರಡೇ ಏಕೆ? ಸ್ಥಾಯಿಯನ್ನು ಹತ್ತು, ಹತ್ತೊಂಬತ್ತು, ಇಪ್ಪತ್ತೆರಡು, ಮೂವತ್ತೊಂದು, ಐವತ್ತಮೂರು ಸಮಭಾಗ ಮಾಡಿದರೆ ಏನಾಗುತ್ತದೆ? ಅಲ್ಲಿಗೆ ಹೋಗುವ ಮುನ್ನ ಕಿವಿಯ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಬರೀ ಅಂಕಗಣಿತವಾಗುತ್ತದೆ.

ಒರಟುತನದ ಲೆಕ್ಕ

ವಿವಾದ, ಅಂದರೆ ಎರಡು ನಾದಗಳು ಒಂದಕ್ಕೊಂದು ಒಪ್ಪದಿರುವುದು, ಹಾರ್ಮೋನಿಕ್‌ಗಳ ನಡುವಿನ ವೇಗದ ಬೀಟ್‌ಗಳಿಂದ ಹುಟ್ಟುವ ಒರಟುತನ ಎಂದು 1863ರಲ್ಲಿ ವಾದಿಸಿದವರು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ನೂರು ವರ್ಷಗಳ ನಂತರ, 1965ರಲ್ಲಿ, ಪ್ಲಾಂಪ್ ಮತ್ತು ಲೆವೆಲ್ಟ್ ಎಂಬ ಡಚ್ ಸಂಶೋಧಕರು ಹಾರ್ಮೋನಿಕ್ ಇಲ್ಲದ ಎರಡು ಶುದ್ಧ ಸೈನ್ ನಾದಗಳನ್ನಷ್ಟೇ ಕೇಳಿಸಿ ಕೇಳುಗರಿಂದ ಇಂಪಿನ ಅಂದಾಜು ಪಡೆದರು. ಎರಡೂ ಒಂದೇ ಆಗಿದ್ದಾಗ ಇಂಪು. ಸ್ವಲ್ಪ ಸರಿಸಿದೊಡನೆ ಒರಟುತನ ಜೋರಾಗಿ ಏರುತ್ತದೆ, ಒಂದು ಶಿಖರ ಮುಟ್ಟುತ್ತದೆ, ಆಮೇಲೆ ನಿಧಾನಕ್ಕೆ ಇಳಿದು ಇಲ್ಲವಾಗುತ್ತದೆ. ಶಿಖರ ಬೀಳುವುದು ಕಿವಿಯ ಕ್ರಿಟಿಕಲ್ ಬ್ಯಾಂಡಿನ (ಕಿವಿ ಬಿಡಿಬಿಡಿಯಾಗಿ ಕೇಳದೆ ಒಟ್ಟಾಗಿ ಹಿಡಿಯುವ ಆವೃತ್ತಿಗಳ ಪಟ್ಟಿ) ಸುಮಾರು ಕಾಲುಭಾಗದಲ್ಲಿ. ಈ ಬ್ಯಾಂಡ್ 500 ಹರ್ಟ್ಸ್‌ಗಿಂತ ಕೆಳಗೆ ಸುಮಾರು 100 ಹರ್ಟ್ಸ್ ಅಗಲ, ಅದಕ್ಕಿಂತ ಮೇಲೆ ಆವೃತ್ತಿಯ ಐದನೇ ಒಂದು ಭಾಗದಷ್ಟು.

ಇದನ್ನು ಸೂತ್ರಕ್ಕೆ ಇಳಿಸಿದ್ದು ಅಮೆರಿಕದ ಇಂಜಿನಿಯರ್ ವಿಲಿಯಂ ಸೆಥಾರೆಸ್, 1993ರಲ್ಲಿ. ಎರಡು ನಾದಗಳಲ್ಲಿ ಕೆಳಗಿನದರ ಆವೃತ್ತಿಯನ್ನು 0.021ರಿಂದ ಗುಣಿಸಿ 19 ಕೂಡಿಸಿ, 0.24ನ್ನು ಆ ಮೊತ್ತದಿಂದ ಭಾಗಿಸಿ. ಬಂದದ್ದನ್ನು ಎರಡು ಆವೃತ್ತಿಗಳ ವ್ಯತ್ಯಾಸದಿಂದ ಗುಣಿಸಿ. ಈ ಗುಣಲಬ್ಧವನ್ನು ಒಮ್ಮೆ ಋಣ 3.5ರಿಂದ, ಇನ್ನೊಮ್ಮೆ ಋಣ 5.75ರಿಂದ ಗುಣಿಸಿ, ಎರಡನ್ನೂ ಕ್ಯಾಲ್ಕುಲೇಟರಿನ ಎಕ್ಸ್‌ಪೊನೆನ್ಶಿಯಲ್ ಗುಂಡಿಗೆ ಕೊಟ್ಟು, ಮೊದಲ ಉತ್ತರದಿಂದ ಎರಡನೆಯದನ್ನು ಕಳೆಯಿರಿ. ಜೋಡಿಯಲ್ಲಿ ಮೆಲುದನಿಯದರ ಬಲದಿಂದ ಗುಣಿಸಿದರೆ ಆ ಜೋಡಿಯ ಒರಟುತನ ಸಿಕ್ಕಿತು. ಎರಡು ಸ್ವರಗಳ ಎಲ್ಲ ಹಾರ್ಮೋನಿಕ್ ಜೋಡಿಗಳಿಗೂ ಹೀಗೆ ಮಾಡಿ ಕೂಡಿಸಿ. ಆರಾರು ಹಾರ್ಮೋನಿಕ್ ಇದ್ದರೆ ಅರುವತ್ತಾರು ಜೋಡಿ. ಸ್ಪ್ರೆಡ್‌ಶೀಟ್ ತೆರೆದರೆ ಅರ್ಧ ಗಂಟೆಯ ಕೆಲಸ.

ಈ ಸೂತ್ರದ ಪ್ರಕಾರ 240 ಹರ್ಟ್ಸ್ ಬಳಿ ಅತಿ ಒರಟಾದ ವ್ಯತ್ಯಾಸ 22 ಹರ್ಟ್ಸ್. 1200ರ ಬಳಿ ಸುಮಾರು 41. ನಮ್ಮ ಕೀಬೋರ್ಡ್ ಗಾಂಧಾರದ ಒಂಬತ್ತೂವರೆ ಬೀಟ್ ಆ ಶಿಖರದ ಅರ್ಧ ಎತ್ತರಕ್ಕೆ ಬರುತ್ತದೆ. ಹದಿನಾಲ್ಕು ಸೆಂಟ್ ಎಂದಾಗ ಚಿಕ್ಕದೆನ್ನಿಸಿದ್ದು ಕಿವಿಯಲ್ಲಿ ಅಷ್ಟು ದೊಡ್ಡದಾಗುವುದು ಹೀಗೆ.

ಎರಡು ತಪ್ಪು ತಿಳಿವಳಿಕೆಗಳು ಇಲ್ಲಿಯೇ ಕಳಚಲಿ. ಸೈನ್ ನಾದಗಳಿಂದ ಶ್ರುತಿ ಪರೀಕ್ಷೆ ಮಾಡಬೇಡಿ. ಹಾರ್ಮೋನಿಕ್ ಇಲ್ಲದ ನಾದದಲ್ಲಿ 386 ಸೆಂಟ್ ಗಾಂಧಾರಕ್ಕೂ 400ಕ್ಕೂ ಬೀಟ್‌ನ ವ್ಯತ್ಯಾಸ ಕೇಳಿಸದು, ಡಿಕ್ಕಿ ಹೊಡೆಯಲು ಅಲ್ಲಿ ಏನೂ ಇಲ್ಲ. ಹಾಗೆಯೇ ಮಂದ್ರ ಸ್ಥಾಯಿಯಲ್ಲಿ ಪರೀಕ್ಷೆ ಮಾಡಬೇಡಿ. 120 ಮತ್ತು 150 ಹರ್ಟ್ಸ್‌ಗಳ ಗಾಂಧಾರ ಲೆಕ್ಕದಲ್ಲಿ ಪೂರ್ತಿ ಶುದ್ಧವಾಗಿದ್ದರೂ ಮೂಲ ನಾದಗಳ ನಡುವೆಯೇ 30 ಹರ್ಟ್ಸ್ ಮಾತ್ರ ಅಂತರವಿದೆ, ಶಿಖರಕ್ಕೆ ತೀರ ಸಮೀಪ. ಕೆಳಗಿನ ಮನೆಗಳಲ್ಲಿ ಗಾಂಧಾರವನ್ನು ಷಡ್ಜದ ಜೊತೆ ಒತ್ತಿದರೆ ಗೊಜಗೊಜ ಎನ್ನುವುದು ಶ್ರುತಿದೋಷದಿಂದಲ್ಲ.

ಇನ್ನು ಹೆಸರಿನ ಗೊಂದಲ. ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳಲ್ಲಿ ನಲವತ್ತನ್ನು ವಿವಾದಿ ಮೇಳಗಳೆನ್ನುತ್ತೇವೆ. ಅಲ್ಲಿಯ ವಿವಾದ ಸ್ವರಗಳ ನೆರೆಹೊರೆಯ ಕುರಿತದ್ದು, ಇಲ್ಲಿಯದು ಎರಡು ನಾದಗಳು ಒಟ್ಟಿಗೆ ಮೊಳಗಿದಾಗ ಕಿವಿಯಲ್ಲಿ ಆಗುವ ಘರ್ಷಣೆ. ಒಂದರ ತೀರ್ಪನ್ನು ಇನ್ನೊಂದಕ್ಕೆ ಹಚ್ಚಬಾರದು.

ಹತ್ತೊಂಬತ್ತು ಮತ್ತು ಮೂವತ್ತೊಂದು

ಯುರೋಪಿನಲ್ಲಿ ಹತ್ತೊಂಬತ್ತರ ಯೋಚನೆ ಹೊಸದಲ್ಲ; ಫ್ರೆಂಚ್ ಸಂಗೀತಗಾರ ಗಿಯೋಮ್ ಕೋಸ್ಟ್‌ಲೆ 1558ರಲ್ಲೇ ಅದಕ್ಕೆಂದು ಗೀತೆ ಹೊಸೆದಿದ್ದ. ಒಂದು ಹೆಜ್ಜೆ 63.16 ಸೆಂಟ್. ಪಂಚಮಕ್ಕೆ 11 ಹೆಜ್ಜೆ, 694.7 ಸೆಂಟ್, ಶುದ್ಧಕ್ಕಿಂತ 7.2 ಕೆಳಗೆ. ಅಂತರ ಗಾಂಧಾರಕ್ಕೆ 6 ಹೆಜ್ಜೆ, 378.9, ಅದೂ 7.4 ಕೆಳಗೆ. ಸಾಧಾರಣ ಗಾಂಧಾರಕ್ಕೆ 5 ಹೆಜ್ಜೆ, 315.79, ಇದು ಶುದ್ಧ 6/5ಕ್ಕೆ 0.15 ಸೆಂಟಿನಷ್ಟು ಹತ್ತಿರ. ನಮ್ಮ 240ರ ಷಡ್ಜಕ್ಕೆ ಹಚ್ಚಿದರೆ ಅಂತರ ಗಾಂಧಾರದ ಬೀಟ್ ಒಂಬತ್ತೂವರೆಯಿಂದ 5.1ಕ್ಕೆ ಇಳಿಯಿತು, ಪಂಚಮದ ಬೀಟ್ 0.8ರಿಂದ 3ಕ್ಕೆ ಏರಿತು.

ಇದು ಲಾಭವೋ ನಷ್ಟವೋ? ಕೇಳುವ ಸಂಗೀತ ಯಾವುದು ಎಂಬುದರ ಮೇಲೆ ನಿಂತಿದೆ. ಮೂರು ಮೂರು ಸ್ವರಗಳ ಕಾರ್ಡ್‌ಗಳು ಸೆಕೆಂಡಿಗೊಂದರಂತೆ ಬದಲಾಗುವ ಪಾಶ್ಚಾತ್ಯ ಸಂಗೀತದಲ್ಲಿ ಪಂಚಮದ ಮೂರು ಬೀಟ್ ಎಣಿಸುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಗಾಂಧಾರ ಮೃದುವಾದದ್ದು ಮಾತ್ರ ತಕ್ಷಣ ತಿಳಿಯುತ್ತದೆ. ಗಂಟೆಗಟ್ಟಲೆ ಷಡ್ಜ-ಪಂಚಮ ಮೀಟುವ ನಮ್ಮಲ್ಲಿ ಸೆಕೆಂಡಿಗೆ ಮೂರು ಸಲ ಓಲಾಡುವ ಪಂಚಮವನ್ನು ಯಾರೂ ಸಹಿಸರು. ಶ್ರುತಿ ನಿಂತಿರುವ ಸಂಗೀತದಲ್ಲಿ ದೋಷಕ್ಕೆ ಅಡಗಲು ಜಾಗವಿಲ್ಲ.

ಮೂವತ್ತೊಂದರಲ್ಲಿ ಹೆಜ್ಜೆ 38.7 ಸೆಂಟ್. ಅಂತರ ಗಾಂಧಾರ 10 ಹೆಜ್ಜೆ, 387.1, ದೋಷ ಒಂದು ಸೆಂಟಿಗೂ ಕಡಿಮೆ, ಬೀಟ್ ಎರಡು ಸೆಕೆಂಡಿಗೊಂದು. ಪಂಚಮ 18 ಹೆಜ್ಜೆ, 696.8, ಬೀಟ್ ಸೆಕೆಂಡಿಗೆ 2.15. ಇದರ ನಿಜವಾದ ಬೆರಗು ಏಳನೆಯ ಹಾರ್ಮೋನಿಕ್. 7/4 ಅಂದರೆ 968.8 ಸೆಂಟ್, ಮೂವತ್ತೊಂದರಲ್ಲಿ 25 ಹೆಜ್ಜೆ 967.7. ಹನ್ನೆರಡರಲ್ಲಿ ಇದಕ್ಕೆ ಹತ್ತಿರದ ಮನೆ 1000, ಮೂವತ್ತೊಂದು ಸೆಂಟ್ ದೂರ. 4:5:6:7ರ ಕಾರ್ಡ್ ಇಲ್ಲಿ ಅಲುಗದೆ ನಿಲ್ಲುತ್ತದೆ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1691ರಲ್ಲಿ ಈ ಮೂವತ್ತೊಂದರ ಲೆಕ್ಕ ಪ್ರಕಟಿಸಿದ. ಆದ್ರಿಯಾನ್ ಫೋಕರ್ ಎಂಬ ಭೌತವಿಜ್ಞಾನಿ ಅದನ್ನು ಹಿಡಿದು ಆರ್ಗನ್ ಮಾಡಿಸಿ 1950ರಲ್ಲಿ ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂನಲ್ಲಿ ನಿಲ್ಲಿಸಿದರು. ಆದರೆ ಆ 7/4ನ್ನು ನಮ್ಮ ಕೈಶಿಕಿ ನಿಷಾದವೆಂದು ಹಿಡಿಯಬೇಡಿ. ಕೈಶಿಕಿ ನಿಷಾದದ ನೆಲೆ 16/9 ಅಥವಾ 9/5, ಅಂದರೆ 996 ಅಥವಾ 1018 ಸೆಂಟ್. 7/4 ಅದಕ್ಕಿಂತ ಬಹಳ ತಗ್ಗು. ತಂಬೂರಿಯಲ್ಲಿ ಕಿವಿಗೊಟ್ಟರೆ ಕೇಳಿಸುವ ಏಳನೇ ಹಾರ್ಮೋನಿಕ್ ಅದು, ರಾಗಗಳಲ್ಲಿ ನಿಲ್ಲುವ ನಿಷಾದವಲ್ಲ.

ಇಪ್ಪತ್ತೆರಡು: ಹೆಸರು ನಂಬಿ ಕೆಟ್ಟವರು

ಇಪ್ಪತ್ತೆರಡು ಎಂದೊಡನೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಭರತನ ನಾಟ್ಯಶಾಸ್ತ್ರದ ಇಪ್ಪತ್ತೆರಡು ಶ್ರುತಿ (ಇಲ್ಲಿ ಶ್ರುತಿ ಎಂದರೆ ಸ್ಥಾಯಿಯೊಳಗಿನ ಸಣ್ಣ ಅಂತರ) ಇದೇ ಅಲ್ಲವೆ? ಹಾಗೆಂದುಕೊಂಡವರಲ್ಲಿ ಇಂಗ್ಲೆಂಡಿನ ಆರ್. ಎಚ್. ಎಂ. ಬೋಸಾಂಕೆ ಮುಖ್ಯರು. 1877ರಲ್ಲಿ ರಾಯಲ್ ಸೊಸೈಟಿಯ ಮುಂದೆ ಹಿಂದೂ ಸ್ಥಾಯಿ ವಿಭಾಗದ ಕುರಿತು ಮಂಡಿಸಿದ ಪ್ರಬಂಧದಲ್ಲಿ ಅವರು ಶ್ರುತಿಗಳನ್ನು ಸಮಭಾಗಗಳೆಂದೇ ಓದಿದರು. ಲೆಕ್ಕ ಮೇಲ್ನೋಟಕ್ಕೆ ಕೂಡುತ್ತದೆ ಕೂಡ. ಭರತನ ಪ್ರಕಾರ ಸಂವಾದಿ (ಒಂದಕ್ಕೊಂದು ಒಪ್ಪುವ) ಸ್ವರಗಳ ಅಂತರ 9 ಅಥವಾ 13 ಶ್ರುತಿ. ಸಮ ಇಪ್ಪತ್ತೆರಡರಲ್ಲಿ 13 ಹೆಜ್ಜೆ 709.1 ಸೆಂಟ್, 9 ಹೆಜ್ಜೆ 490.9. ಪಂಚಮವೆನ್ನಬಹುದು, ಮಧ್ಯಮವೆನ್ನಬಹುದು.

ಎನ್ನಬಹುದು, ಆದರೆ ಕೇಳಿ ನೋಡಿ. ಪಂಚಮ ಶುದ್ಧಕ್ಕಿಂತ 7.1 ಸೆಂಟ್ ಮೇಲೆ, 361.5 ಹರ್ಟ್ಸ್, ಬೀಟ್ ಸೆಕೆಂಡಿಗೆ ಮೂರು. ಹತ್ತೊಂಬತ್ತರ ಪಂಚಮ ಎಷ್ಟು ತಗ್ಗಿತ್ತೋ ಇದು ಅಷ್ಟೇ ಎತ್ತರ, ಓಲಾಟ ಅಷ್ಟೇ. ಅಂತರ ಗಾಂಧಾರ ಮಾತ್ರ ಚೆನ್ನಾಗಿದೆ: 7 ಹೆಜ್ಜೆ, 381.8, ಬೀಟ್ ಮೂರು. ಸಾಧಾರಣ ಗಾಂಧಾರ 327.3ಕ್ಕೆ ಹೋಗಿ ಹನ್ನೆರಡು ಸೆಂಟ್ ಏರಿಬಿಡುತ್ತದೆ. ಭರತನ ವ್ಯವಸ್ಥೆಯಲ್ಲಿ ಕಿವಿಯೇ ಸಂವಾದ ನಿರ್ಣಯಿಸುವ ತಕ್ಕಡಿ. ಎರಡು ವೀಣೆಗಳನ್ನಿಟ್ಟು ಒಂದರ ಪಂಚಮವನ್ನು ಪ್ರಮಾಣ ಶ್ರುತಿಯಷ್ಟು (ಅಳತೆಗೆ ಆಧಾರವಾದ ಸಣ್ಣ ಅಂತರದಷ್ಟು) ತಗ್ಗಿಸುವ ಆ ಪ್ರಯೋಗವೆಲ್ಲ ಶುದ್ಧ ಸಂವಾದವನ್ನು ಕಿವಿಯಲ್ಲೇ ಗುರುತಿಸಬಲ್ಲವರಿಗೆ ಬರೆದದ್ದು. ಸೆಕೆಂಡಿಗೆ ಮೂರು ಬೀಟ್ ಹೊಡೆಯುವ ಪಂಚಮ ಆ ತಕ್ಕಡಿಯಲ್ಲಿ ತೂಗುವುದಿಲ್ಲ.

ಇಂದು ಪ್ರಚಾರದಲ್ಲಿರುವ ಇಪ್ಪತ್ತೆರಡು ಶ್ರುತಿಗಳ ಅನುಪಾತ ಪಟ್ಟಿ ಬೇರೆಯೇ. 256/243, 16/15, 10/9, 9/8 ಹೀಗೆ ಹೋಗುತ್ತದೆ. ಸೆಂಟುಗಳಲ್ಲಿ 90, 112, 182, 204. ಹೆಜ್ಜೆಗಳು 90, 22, 70, 22. ಎಲ್ಲಿದೆ ಸಮಭಾಗ? ಇಲ್ಲಿಯ 22 ಸೆಂಟಿನ ಹೆಜ್ಜೆಯೇ 81/80, ಪ್ರಮಾಣ ಶ್ರುತಿ ಎನ್ನಿಸಿಕೊಂಡದ್ದು. ಈ ಪಟ್ಟಿ ಸಮಭಾಗವೊಂದರಲ್ಲಿ ಕೂರಬೇಕಾದರೆ ಅದು ಇಪ್ಪತ್ತೆರಡಲ್ಲ, ಐವತ್ತಮೂರು. ಅಲ್ಲಿಯ ಹೆಜ್ಜೆ 22.64 ಸೆಂಟ್. ಮೇಲಿನ ನಾಲ್ಕು 4, 5, 8, 9ನೇ ಹೆಜ್ಜೆಗಳಿಗೆ ಬೀಳುತ್ತವೆ, ಗಾಂಧಾರಗಳು 13, 14, 17, 18ಕ್ಕೆ, ಮಧ್ಯಮಗಳು 22, 23, 26, 27ಕ್ಕೆ, ಪಂಚಮ 31ಕ್ಕೆ. ಎಲ್ಲಿಯೂ ಸುಮಾರು ಒಂದೂವರೆ ಸೆಂಟಿಗಿಂತ ಹೆಚ್ಚಿನ ದೋಷವಿಲ್ಲ, ಪಂಚಮದ ದೋಷ 0.07 ಸೆಂಟ್. ನಮ್ಮ ಷಡ್ಜಕ್ಕೆ ಆ ಪಂಚಮದ ಬೀಟ್ ಮೂವತ್ತೈದು ಸೆಕೆಂಡಿಗೊಂದು. ತಂಬೂರಿಯ ತಂತಿ ಅಷ್ಟು ಹೊತ್ತು ನುಡಿಯುವುದೂ ಇಲ್ಲ. ತುರ್ಕಿಯ ಸಂಗೀತಶಾಸ್ತ್ರ ಮಕಾಮ್‌ಗಳ (ನಮ್ಮ ರಾಗಗಳಂಥವು) ಅಂತರಗಳನ್ನು ಇದೇ ಐವತ್ತಮೂರರ ಹೆಜ್ಜೆಗಳಲ್ಲಿ, ಅವರ ಮಾತಿನಲ್ಲಿ ಕೋಮಾಗಳಲ್ಲಿ, ಎಣಿಸುತ್ತದೆ. ನಮ್ಮಲ್ಲಿ ಶ್ರುತಿಗಳ ಬಗ್ಗೆ ಬರೆಯುವವರು ಇಪ್ಪತ್ತೆರಡರ ಮೋಹ ಬಿಟ್ಟು ಅಳತೆಗೋಲಾಗಿ ಐವತ್ತಮೂರನ್ನು ಹಿಡಿದರೆ ಅರ್ಧ ಜಗಳ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಮ ಇಪ್ಪತ್ತೆರಡು ಕೆಲಸಕ್ಕೆ ಬಾರದ್ದು ಎಂದಲ್ಲ. 1998ರಲ್ಲಿ ಸಂಗೀತ ಸಿದ್ಧಾಂತಿ ಪಾಲ್ ಅರ್ಲಿಕ್ ತೋರಿಸಿದಂತೆ ಅದರಲ್ಲಿ ಹತ್ತು ಸ್ವರಗಳ ಹೊಸ ಶ್ರೇಣಿಗಳಿವೆ, ಏಳನೇ ಹಾರ್ಮೋನಿಕ್ ಸೇರಿದ ಕಾರ್ಡ್‌ಗಳು ಆ ಶ್ರೇಣಿಗಳ ಮೇಲೆ ಸಹಜವಾಗಿ ಹುಟ್ಟುತ್ತವೆ. ಅದು ಅದರದೇ ಆದ ಸಂಗೀತ. ಭರತನನ್ನು ಅದರ ಜಾಮೀನಿಗೆ ಕರೆಯಬಾರದು, ಅಷ್ಟೆ.

ಸ್ವರ ಜಾರುವ ತೊಂದರೆ

ಒಂದೊಂದೇ ಅಂತರದ ಶುದ್ಧತೆ ನೋಡಿ ವ್ಯವಸ್ಥೆ ಆರಿಸಿದವರು ಎಡವುವುದು ಇಲ್ಲಿ. ಷಡ್ಜದಿಂದ ಪಂಚಮ, ಪಂಚಮದಿಂದ ರಿಷಭ, ರಿಷಭದಿಂದ ಧೈವತ, ಧೈವತದಿಂದ ಗಾಂಧಾರ: ನಾಲ್ಕು ಪಂಚಮಗಳ ನೆಗೆತ, ಎರಡು ಸ್ಥಾಯಿ ಇಳಿಸಿ. ಶುದ್ಧ ಪಂಚಮಗಳಿಂದ ಹೀಗೆ ಸಿಗುವ ಗಾಂಧಾರ 408 ಸೆಂಟ್, ಹಾರ್ಮೋನಿಕ್‌ನ ಗಾಂಧಾರ 386. ನಡುವಿನದು ಅದೇ ಪ್ರಮಾಣ ಶ್ರುತಿ. ಹನ್ನೆರಡು, ಹತ್ತೊಂಬತ್ತು, ಮೂವತ್ತೊಂದು ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ. ಮೂವತ್ತೊಂದರಲ್ಲಿ ನೋಡಿ: 18ರ ನಾಲ್ಕು ಪಟ್ಟು 72, ಎರಡು ಸ್ಥಾಯಿಯ 62 ಕಳೆದರೆ 10, ಅದೇ ಗಾಂಧಾರ. ಐವತ್ತಮೂರರಲ್ಲಿ 124ರಿಂದ 106 ಕಳೆದರೆ 18. ಇಂಪಿನ ಗಾಂಧಾರ 17. ಇಪ್ಪತ್ತೆರಡರಲ್ಲಿ 52ರಿಂದ 44 ಕಳೆದರೆ 8, ಇಂಪಿನದು 7.

ಇದರ ಪರಿಣಾಮ: ಹನ್ನೆರಡಕ್ಕೆ ಬರೆದ ಸಿ-ಎ ಮೈನರ್-ಡಿ ಮೈನರ್-ಜಿ-ಸಿ ಎಂಬ ಸಾಮಾನ್ಯ ಕಾರ್ಡ್ ಸರಣಿಯನ್ನು ಐವತ್ತಮೂರಕ್ಕೆ ಒಯ್ದು, ಪ್ರತಿ ಕಾರ್ಡನ್ನೂ ಶುದ್ಧವಾಗಿಟ್ಟು, ಒಂದರಿಂದೊಂದಕ್ಕೆ ಸಾಗುವ ಸಾಮಾನ್ಯ ಸ್ವರವನ್ನು ಅಲುಗಿಸದೆ ಹಿಡಿದರೆ, ಸುತ್ತು ಮುಗಿದಾಗ ಷಡ್ಜ ಒಂದು ಹೆಜ್ಜೆ ಕೆಳಗಿರುತ್ತದೆ. ಐದು ಸುತ್ತು ಹಾಕಿದರೆ ಒಂದು ಮನೆಗಿಂತ ಹೆಚ್ಚು ಇಳಿದಿರುತ್ತದೆ. ಇಪ್ಪತ್ತೆರಡರಲ್ಲಾದರೆ ಎರಡೇ ಸುತ್ತು ಸಾಕು. ಪರಿಹಾರ ಮೂರು: ಎಲ್ಲೋ ಒಂದು ಕಾರ್ಡಿನಲ್ಲಿ ರಿಷಭವನ್ನು ಒಂದು ಹೆಜ್ಜೆ ಜಾರಿಸುವುದು, ಆ ಕಾರ್ಡಿನ ಪಂಚಮ ಒರಟಾದರೆ ಆಗಲಿ ಎಂದು ಬಿಡುವುದು, ಅಥವಾ ಅಂಥ ಸರಣಿಯನ್ನೇ ಬರೆಯದಿರುವುದು. ಒಂದು ಷಡ್ಜಕ್ಕೆ ಕಟ್ಟಿಕೊಂಡ ರಾಗಸಂಗೀತಕ್ಕೆ ಈ ತೊಂದರೆ ಇಲ್ಲ. ತಂಬೂರಿ ಜಾರಲು ಬಿಡುವುದಿಲ್ಲ.

ಶ್ರುತಿಗೆ ತಕ್ಕ ನಾದ

ಇಷ್ಟು ಹೊತ್ತು ನಾದವನ್ನು ಹಾಗೆಯೇ ಇಟ್ಟು ಶ್ರುತಿಯನ್ನು ಬದಲಿಸಿದೆವು. ತಿರುಗಿಸಿ ನೋಡೋಣ. ಸಂವಾದ ಬರುವುದು ಹಾರ್ಮೋನಿಕ್‌ಗಳು ಒಂದರ ಮೇಲೊಂದು ಕೂರುವುದರಿಂದ ಎಂದಾದರೆ, ಶ್ರುತಿಯನ್ನು ಹಾಗೆಯೇ ಇಟ್ಟು ಹಾರ್ಮೋನಿಕ್‌ಗಳನ್ನೇ ಸರಿಸಬಹುದಲ್ಲ? ಅಮೆರಿಕದ ಇಂಜಿನಿಯರ್ ಜಾನ್ ಪಿಯರ್ಸ್ 1966ರಲ್ಲಿ ಕಂಪ್ಯೂಟರಿನಿಂದ ಇದನ್ನು ಮಾಡಿದರು. ಸ್ಥಾಯಿಯನ್ನು ಎಂಟು ಸಮಭಾಗ ಮಾಡಿ, ನಾದದ ಅಂಶಗಳನ್ನು ಕಾಲು ಸ್ಥಾಯಿಯ ಗುಣಕಗಳಲ್ಲಿ ಮಾತ್ರ ಇಟ್ಟರು. ಆಗ ಸಮ ಸಂಖ್ಯೆಯ ಹೆಜ್ಜೆಗಳು ತಮ್ಮೊಳಗೆ, ಬೆಸ ಸಂಖ್ಯೆಯವು ತಮ್ಮೊಳಗೆ ಒಪ್ಪಿದವು. ಸಮ-ಬೆಸ ಸೇರಿದರೆ ಒರಟು. ಸೆಥಾರೆಸ್ ಇದನ್ನು ಯಾವ ಶ್ರೇಣಿಗೂ ಹೊಂದುವ ವಿಧಾನವಾಗಿ ಬೆಳೆಸಿದರು.

ಹತ್ತು ಭಾಗವನ್ನು ತೆಗೆದುಕೊಳ್ಳಿ. ಕಲಿಯಲು ಅದೇ ಒಳ್ಳೆಯದು. ಹೆಜ್ಜೆ 120 ಸೆಂಟ್. ಪಂಚಮದ ಸ್ಥಾನಕ್ಕೆ ಸಿಗುವುದು 6 ಹೆಜ್ಜೆ, 720 ಸೆಂಟ್, ಹದಿನೆಂಟು ಸೆಂಟ್ ಮೇಲೆ. ಸಾಮಾನ್ಯ ತಂತಿಯ ನಾದದಲ್ಲಿ ಇದರ ಬೀಟ್ ಏಳೂವರೆ, ಪಂಚಮವೆನ್ನಲು ಮನಸ್ಸು ಬಾರದು. ಈಗ ಪ್ರತಿ ಹಾರ್ಮೋನಿಕ್ ಸಂಖ್ಯೆಯ ಬೇಸ್ ಎರಡರ ಲಾಗರಿದಮ್ ತೆಗೆದು ಹತ್ತರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತನ್ನಿ. ಮೂರಕ್ಕೆ 15.85, ಅಂದರೆ 16. ಐದಕ್ಕೆ 23.22, ಅಂದರೆ 23. ಆರಕ್ಕೆ 26, ಏಳಕ್ಕೆ 28. ಎರಡು, ನಾಲ್ಕು ಸ್ಥಾಯಿಗಳಾದ್ದರಿಂದ 10, 20. ಈ ಹೆಜ್ಜೆಗಳನ್ನು ಮರಳಿ ಆವೃತ್ತಿಗೆ ತಿರುಗಿಸಿದರೆ 240ರ ನಾದದ ಅಂಶಗಳು 240, 480, 727.5, 960, 1181.9, 1455.1, 1671.5. ಪ್ರತಿ ಅಂಶದ ಬಲ ಅದರ ಕೆಳಗಿನದರ 0.8ರಷ್ಟಿರಲಿ. ಈಗ ಆರು ಹೆಜ್ಜೆ ಮೇಲಿನ ಸ್ವರ 363.8, ಅದರ ಎರಡನೆಯ ಅಂಶ 727.5. ಷಡ್ಜದ ಮೂರನೆಯದೂ 727.5. ಬೀಟ್ ಸೊನ್ನೆ. ಕೆಟ್ಟದ್ದೆಂದು ತಳ್ಳಿದ 720 ಸೆಂಟ್ ಈ ನಾದದಲ್ಲಿ ಪಂಚಮದ ಹಾಗೆ ತಣ್ಣಗೆ ಕೂರುತ್ತದೆ, ಶುದ್ಧ 702 ಹಾಕಿದರೆ ಅದೇ ಒರಟಾಗುತ್ತದೆ!

ಎಲ್ಲಿ ಕೆಡುತ್ತದೆ? ಅಂಶಗಳನ್ನು ಬಹಳ ದೂರ ಸರಿಸಿದಾಗ. ಹತ್ತರಲ್ಲಿ ಮೂರನೆಯದು 18 ಸೆಂಟ್, ಐದನೆಯದು 26 ಸೆಂಟ್ ಸರಿದಿದೆ; ಕಿವಿ ಇನ್ನೂ ಒಂದೇ ನಾದವೆಂದು ಒಪ್ಪುತ್ತದೆ. ಎಂಟು ಭಾಗಕ್ಕೆ ಇದೇ ವಿಧಾನ ಹಾಕಿದರೆ ಮೂರನೆಯದು 48 ಸೆಂಟ್ ಸರಿಯುತ್ತದೆ. ತಂತಿ ಹೋಗಿ ಗಂಟೆಯ ದನಿಯಾಗುತ್ತದೆ. ಇನ್ನೂ ದೊಡ್ಡ ತೊಡಕು ಹಾಡುಗಾರಿಕೆ. ಮನುಷ್ಯನ ಕಂಠದ ಹಾರ್ಮೋನಿಕ್‌ಗಳು ನಿಖರ ಗುಣಕಗಳು, ಅವನ್ನು ಸರಿಸಲಾಗದು. ಪಿಟೀಲಿನದೂ ಕೊಳಲಿನದೂ ಹಾಗೆಯೇ. ಸರಿಸಿದ ನಾದದ ಮೇಲೆ ಹಾಡುಗಾರರು ಬಂದೊಡನೆ 720 ಮತ್ತು 727.5 ಒಂದಕ್ಕೊಂದು ಏಳೂವರೆ ಬೀಟ್ ಹೊಡೆಯುತ್ತವೆ. ಹಾಗಾಗಿ ಈ ದಾರಿ ಪೂರ್ತಿ ಎಲೆಕ್ಟ್ರಾನಿಕ್ ಸಂಗೀತಕ್ಕೆ, ಗಂಟೆ-ತಾಳದಂಥ ವಾದ್ಯಗಳಿಗೆ. ಕಂಠ ಮುಂದಿರುವಲ್ಲಿ ಶ್ರುತಿಯೇ ಬಾಗಬೇಕು.

ನೈಜ ವಾದ್ಯವೊಂದು ಹೊಸ ಶ್ರುತಿಗೆ ತಾನಾಗಿ ಒದಗಿದ ಉದಾಹರಣೆಯೂ ಉಂಟು. ಕ್ಲಾರಿನೆಟ್‌ನ ಕೆಳಸ್ಥಾಯಿಯಲ್ಲಿ ಬೆಸ ಹಾರ್ಮೋನಿಕ್‌ಗಳದೇ ಪ್ರಾಬಲ್ಯ. ಬೋಲೆನ್-ಪಿಯರ್ಸ್ ವ್ಯವಸ್ಥೆ ಸ್ಥಾಯಿಯನ್ನೇ ಬಿಟ್ಟು, 3/1 ಅಂತರವನ್ನು ಹದಿಮೂರು ಸಮಭಾಗ ಮಾಡುತ್ತದೆ, ಹೆಜ್ಜೆ 146.3 ಸೆಂಟ್. ಅಲ್ಲಿಯ ಮೂಲ ಕಾರ್ಡ್ 3:5:7. ಆರು ಹೆಜ್ಜೆಗೆ 5/3 (ದೋಷ 6.5 ಸೆಂಟ್), ಹತ್ತು ಹೆಜ್ಜೆಗೆ 7/3 (ದೋಷ 4 ಸೆಂಟ್). ಸಮ ಹಾರ್ಮೋನಿಕ್ ಬಲವಾಗಿರುವ ಪಿಯಾನೋ ನಾದದಲ್ಲಿ ಇದನ್ನು ನುಡಿಸಿ ಚೆನ್ನಾಗಿಲ್ಲ ಎನ್ನುವವರು ಪರೀಕ್ಷಿಸಿದ್ದು ಪಿಯಾನೋವನ್ನು.

ಮನೆಯಲ್ಲಿ ಕೇಳಿ ನೋಡಲು

ಸರ್ಜ್ ಎಕ್ಸ್‌ಟಿ ಎಂಬ ಉಚಿತ ಸಿಂಥಸೈಜರ್ ಸಾಕು. ಅದು ಸ್ಕಾಲಾ ಮಾದರಿಯ ಶ್ರುತಿ ಫೈಲ್ ಓದುತ್ತದೆ. ಆ ಫೈಲ್ ಬರೀ ಅಕ್ಷರಗಳದು, ನೋಟ್‌ಪ್ಯಾಡ್‌ನಲ್ಲಿ ಬರೆಯಬಹುದು. ಮೊದಲ ಸಾಲು ವಿವರಣೆ, ಎರಡನೆಯದು ಸ್ವರಗಳ ಸಂಖ್ಯೆ, ನಂತರ ಸಾಲಿಗೊಂದು ಸ್ವರ. ಹತ್ತು ಭಾಗಕ್ಕೆ 120.0, 240.0 ಎನ್ನುತ್ತಾ 1200.0ವರೆಗೆ. ಎಲ್ಲರೂ ಮಾಡುವ ತಪ್ಪು ದಶಮಾಂಶ ಬಿಂದು ಬಿಡುವುದು: ಬಿಂದುವಿಲ್ಲದ 120 ಸೆಂಟಲ್ಲ, 120/1 ಎಂಬ ಅನುಪಾತ, ಸ್ವರ ಆರೇಳು ಸ್ಥಾಯಿ ಮೇಲೆ ಹಾರುತ್ತದೆ. ಎರಡನೆಯ ತಪ್ಪು ಸ್ವರಗಳ ಮೊದಲ ಸಾಲಿಗೆ 0.0 ಬರೆಯುವುದು. ಷಡ್ಜವನ್ನು ಬರೆಯಬಾರದು, ಅದು ಇದ್ದೇ ಇರುತ್ತದೆ; ಬರೆಯಬೇಕಾದದ್ದು ಕೊನೆಯ ತಾರ ಷಡ್ಜ.

ಕೀಲಿಗಳ ಹಂಚಿಕೆಯನ್ನು ಬೇರೆಯಾಗಿ ಹೇಳದಿದ್ದರೆ ಹೆಜ್ಜೆಗಳು ಕಪ್ಪು-ಬಿಳಿ ಎನ್ನದೆ ಸಾಲಾಗಿ ಕೂರುತ್ತವೆ. ಹತ್ತೊಂಬತ್ತರಲ್ಲಿ 60ನೇ ಕೀಲಿ (ಮಿಡಿ ಎಣಿಕೆಯಲ್ಲಿ ನಡುವಿನ ಸಿ) ಷಡ್ಜವಾದರೆ ತಾರ ಷಡ್ಜ 79ನೆಯದು. ಆಧಾರ ಸ್ವರವಾಗಿ 69ನೇ ಕೀಲಿಗೆ 440 ಹರ್ಟ್ಸ್ ಎಂದು ಬಿಟ್ಟಿದ್ದರೆ 60ನೆಯದು 261.6ರ ಬದಲು 316.9ಕ್ಕೆ ಹೋಗುತ್ತದೆ, ತಂಬೂರಿಗೆ ಹೊಂದಲಿಲ್ಲವೆಂದು ತಲೆ ಕೆಡಿಸಿಕೊಳ್ಳುವ ಬದಲು ಆಧಾರವನ್ನು 60ಕ್ಕೇ ಕೊಡಿ.

ಫೈಲ್ ಓದದ ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಬಳಸಬಹುದು; ಅದರಲ್ಲಿ ಆಚೀಚೆ 8192 ಘಟಕಗಳಿರುತ್ತವೆ. ವ್ಯಾಪ್ತಿ ಆಚೀಚೆ ಎರಡು ಮನೆಯಾದರೆ ಒಂದು ಘಟಕ 0.024 ಸೆಂಟ್, ಗಾಂಧಾರವನ್ನು 13.7 ಸೆಂಟ್ ಇಳಿಸಲು 561 ಘಟಕ. ಅದೇ ಸಂದೇಶವನ್ನು ವ್ಯಾಪ್ತಿ ಹನ್ನೆರಡಕ್ಕಿಟ್ಟ ಸಿಂಥ್‌ಗೆ ಕಳಿಸಿದರೆ 82 ಸೆಂಟ್ ಇಳಿಯುತ್ತದೆ. ಒಂದು ಚಾನೆಲ್‌ನ ಬೆಂಡ್ ಅದರ ಎಲ್ಲ ಸ್ವರಗಳನ್ನೂ ಬಾಗಿಸುವುದರಿಂದ ಒಟ್ಟಿಗೆ ನುಡಿಯುವ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಬೇಕು.

ಕೇಳುವ ಮುನ್ನ ಕೋರಸ್, ವಿಬ್ರಾಟೊ, ಡಿಟ್ಯೂನ್ ಎಲ್ಲ ಮುಚ್ಚಿ. ಇವೆಲ್ಲ ತಾವೇ ಬೀಟ್ ಹುಟ್ಟಿಸುತ್ತವೆ. ಮೂವತ್ತೊಂದಕ್ಕೂ ಹನ್ನೆರಡಕ್ಕೂ ವ್ಯತ್ಯಾಸವೇ ಇಲ್ಲ ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲಿರುತ್ತದೆ.

ಗಿಟಾರ್ ಮಾಡಿಸುವವರಿಗೆ ಒಂದೇ ಸೂತ್ರ: ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಆಸರೆ) ಮೆಟ್ಟಿನ ದೂರ ಬೇಕಾದರೆ, ತಂತಿಯ ಉದ್ದವನ್ನು ಆ ಸ್ವರದ ಅನುಪಾತದಿಂದ ಭಾಗಿಸಿ ಪೂರ್ತಿ ಉದ್ದದಿಂದ ಕಳೆಯುವುದು. 650 ಮಿಲಿಮೀಟರ್ ತಂತಿಗೆ ಮೊದಲ ಮೆಟ್ಟು ಹನ್ನೆರಡರಲ್ಲಿ 36.5 ಮಿಲಿಮೀಟರ್, ಹತ್ತೊಂಬತ್ತರಲ್ಲಿ 23.3, ಮೂವತ್ತೊಂದರಲ್ಲಿ 14.4. ತಾರ ಷಡ್ಜದ ಹತ್ತಿರ ಮೂವತ್ತೊಂದರ ಮೆಟ್ಟುಗಳ ನಡುವೆ 7 ಮಿಲಿಮೀಟರ್ ಉಳಿಯುತ್ತದೆ, ಬೆರಳು ಹೇಗೋ ತೂರುತ್ತದೆ. ಐವತ್ತಮೂರರಲ್ಲಿ ನಾಲ್ಕು, ಅದು ಸ್ಕೇಲಿನ ಗೀಟುಗಳಂತೆ ಕಾಣುತ್ತದೆ, ನುಡಿಸಲಾಗದು.

ಸಭೆಯಲ್ಲಿ ಬಂದ ಪ್ರಶ್ನೆ

ಗಮಕದಲ್ಲಿ ಸ್ವರ ನಿಲ್ಲುವುದೇ ಇಲ್ಲ, ಹದಿನಾಲ್ಕು ಸೆಂಟ್ ಹಿಡಿದು ಏನಾಗಬೇಕು ಎಂದು ಕೇಳಿದರು. ತೋಡಿಯ ಗಾಂಧಾರಕ್ಕೆ ಈ ಲೆಕ್ಕ ಹಚ್ಚುವುದು ವ್ಯರ್ಥ, ನಿಜ. ಆದರೆ ಹಂಸಧ್ವನಿಯಲ್ಲೋ ಶಂಕರಾಭರಣದಲ್ಲೋ ಗಾಂಧಾರದ ಮೇಲೆ ನಿಂತಾಗ ಅದು ತಂಬೂರಿಯ ಎದುರಿಗೇ ನಿಂತಿರುತ್ತದೆ. ವೀಣೆಯವರಿಗೆ ಇದು ಮಿಲಿಮೀಟರುಗಳ ಮಾತು. ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಸರಿಸಬಹುದು. ತಂತಿಯ ಉದ್ದ 800 ಮಿಲಿಮೀಟರ್ ಎಂದಾದರೆ 400 ಸೆಂಟಿನ ಗಾಂಧಾರಕ್ಕೆ ಕುದುರೆಯಿಂದ ಮೆಟ್ಟಿಲಿನ ದೂರ 635, ಶುದ್ಧ 5/4ಕ್ಕೆ 640. ಅಂದರೆ ಮೇಳ ಕಟ್ಟುವಾಗ ನಾಲ್ಕನೇ ಮೆಟ್ಟಿಲು ಕುದುರೆಯಿಂದ ಐದು ಮಿಲಿಮೀಟರ್ ದೂರ ಸರಿಯಬೇಕು. ಒತ್ತಿದಾಗ ತಂತಿ ಸ್ವಲ್ಪ ಬಿಗಿಯಾಗಿ ಸ್ವರ ಏರುವುದರಿಂದ ಅಳತೆಪಟ್ಟಿಯನ್ನು ಪೂರ್ತಿ ನಂಬಬೇಡಿ. ತಾಳದ ತಂತಿಗಳನ್ನು ಮೀಟಿ ಬೀಟ್ ನಿಲ್ಲುವ ಜಾಗ ಹುಡುಕಿ. ಅದೇ ಮೆಟ್ಟಿಲು ಪಂಚಮದ ತಂತಿಯ ಮೇಲೆ ಕೊಡುವ ಕಾಕಲಿ ನಿಷಾದವೂ 15/8ಕ್ಕೆ ಬಂದು ನಿಲ್ಲುತ್ತದೆ. ಕಲ್ಯಾಣಿಯಲ್ಲಿ ಗಾಂಧಾರ ಸ್ವಲ್ಪ ಎತ್ತರ ಬೇಕೆನ್ನುವವರಿಗೂ ತೊಂದರೆಯಿಲ್ಲ. ತಂತಿ ಎಳೆದು 386ರಿಂದ 408ಕ್ಕೆ ಏರಬಹುದು. ಮೆಟ್ಟಿಲು 400ರಲ್ಲಿ ಕೂತಿದ್ದರೆ ಎಷ್ಟು ಎಳೆದರೂ 386ಕ್ಕೆ ಇಳಿಯಲಾಗದು.